ಅಪ್‌ಡೇಟ್: ಲ್ಯಾಪ್‌ಟಾಪ್ ಸರಿಹೋಯ್ತು, ಫೋಟೋಗಳೂ ಉಳಿದವು

ಪ್ರಿಂಟರ್ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಹಾಕಿದ ಮೇಲೆ ನನ್ನ ವಿಂಡೋಸ್ 10 ಲ್ಯಾಪ್‌ಟಾಪ್ ಲಾಗಿನ್ ಆದ ತಕ್ಷಣ ಕಪ್ಪು ಪರದೆಗೆ ನಿಂತುಬಿಡುತ್ತೆ, ಸಿಸ್ಟಮ್ ರಿಸ್ಟೋರ್ (ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸೋದು) ಮಾಡಿದರೆ ಫೋಟೋಗಳು ಹೋಗುತ್ತವಾ ಅಂತ ಕೇಳಿದ್ದೆ. ಹೋಗಲಿಲ್ಲ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಡೆಸ್ಕ್‌ಟಾಪೇ ಬರುತ್ತಿರಲಿಲ್ಲ ಅಲ್ವಾ, ಅದಕ್ಕೆ ಲಾಗಿನ್ ಪರದೆಯಲ್ಲೇ ಶಿಫ್ಟ್ ಒತ್ತಿ ಹಿಡಿದು ರಿಸ್ಟಾರ್ಟ್ ಕೊಟ್ಟೆ. ನೀಲಿ ಪರದೆ ಬಂತು. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಆಮೇಲೆ ಸಿಸ್ಟಮ್ ರಿಸ್ಟೋರ್. ಡ್ರೈವರ್ ಹಾಕುವ ಮುಂಚಿನ ರಿಸ್ಟೋರ್ ಪಾಯಿಂಟ್ (ವಿಂಡೋಸ್ ಆಗಿನ ಸ್ಥಿತಿಯನ್ನು ಉಳಿಸಿಟ್ಟದ್ದು) ಅಲ್ಲೇ ಇತ್ತು. ಮುಂದೆ ಹೋಗುವ ಮುಂಚೆ ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಒತ್ತಿದೆ. ಏನೇನು ಹೋಗುತ್ತೆ ಅಂತ ಮೊದಲೇ ತೋರಿಸುತ್ತೆ, ಬಹಳ ಒಳ್ಳೆ ಸೌಲಭ್ಯ. ಡ್ರೈವರ್ ಜೊತೆ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯೂ ಪಟ್ಟಿಯಲ್ಲಿತ್ತು, ಅದನ್ನೂ ಆಮೇಲೇ ಹಾಕಿದ್ದು. ಹೇಳಿದ ಹಾಗೇ ನುಡಿ ಹೋಯ್ತು, ಮತ್ತೆ ಹಾಕಿಕೊಂಡೆ. ಅದರಲ್ಲಿ ಟೈಪ್ ಮಾಡಿದ್ದ ಫೈಲ್‌ಗಳು ಮಾತ್ರ ಇದ್ದಲ್ಲೇ ಇವೆ.

ಇದೇ ತೊಂದರೆ ಇರುವವರು ಪಕ್ಕದ ‘ರಿಸೆಟ್ ದಿಸ್ ಪಿಸಿ’ಗೆ ಕೈ ಹಾಕಬೇಡಿ, ಅದು ವಿಂಡೋಸನ್ನೇ ಹೊಸದಾಗಿ ಹಾಕುತ್ತೆ, ಬೇರೆಯೇ ಕಥೆ. ರಿಸ್ಟೋರ್ ಪಾಯಿಂಟ್ ಉಳಿಸಿಡುವ ‘ಸಿಸ್ಟಮ್ ಪ್ರೊಟೆಕ್ಷನ್’ ಸೆಟ್ಟಿಂಗ್ ಆಫ್ ಇದ್ದರೆ ರಿಸ್ಟೋರ್ ಪಾಯಿಂಟೇ ಇರಲ್ಲ, ಈಗಲೇ ಒಮ್ಮೆ ನೋಡಿಕೊಳ್ಳಿ. ಪ್ರಿಂಟರ್ ಈಗ ವಿಂಡೋಸ್ ತಾನೇ ಹುಡುಕಿಕೊಂಡ ಡ್ರೈವರ್‌ನಲ್ಲಿ ಓಡುತ್ತಿದೆ. ಸ್ಕ್ಯಾನರ್ ಇನ್ನೂ ಎದ್ದಿಲ್ಲ.