ಸಣ್ಣ ಕ್ಯಾಂಪರ್ ವ್ಯಾನ್, ಶನಿವಾರ–ಭಾನುವಾರದ ತಿರುಗಾಟ: ನಮ್ಮ ಭಾಗದಲ್ಲಿ ನಡೆಯುತ್ತದೆಯೇ?

ಸೇಡಂನಿಂದ ಪ್ರಶ್ನೆ:

ಎಲ್ಲರಿಗೂ ಶರಣು. ಹಳೆಯ ಮಾರುತಿ ಈಕೋ ಒಂದನ್ನು ಕೊಂಡಿದ್ದೇವೆ. ಐದು ಸೀಟಿನದು, ಪೆಟ್ರೋಲ್ ಗಾಡಿ. ಹಿಂದೆ ಹಾಸಿಗೆ ಮಾಡಿಕೊಂಡು ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ರಾತ್ರಿ ಮನೆ ಸೇರಬೇಕೆಂಬುದು ನಮ್ಮ ಆಸೆ. ನಾನು, ನಮ್ಮ ಮನೆಯವರು, ನಾಲ್ಕನೆಯ ತರಗತಿಯ ಮಗಳು, ಇಷ್ಟೇ ಜನ. ಮೊಬೈಲಿನಲ್ಲಿ ಸಿಗುವ ವಿಡಿಯೊಗಳೆಲ್ಲ ಹಿಮಾಚಲದವು, ಇಲ್ಲವೇ ಕೇರಳದವು. ನಮ್ಮ ಬಿಸಿಲು, ನಮ್ಮ ಎರೆ ಮಣ್ಣು ಅವರಿಗೇನು ಗೊತ್ತು? ಒಳಗೆ ಏನು ಕೂರಿಸಬೇಕು, ರಾತ್ರಿ ಎಲ್ಲಿ ನಿಲ್ಲಿಸಬೇಕು, ವಾರವೆಲ್ಲ ಸುಮ್ಮನೆ ನಿಲ್ಲುವ ಗಾಡಿಯನ್ನು ಹೇಗೆ ನೋಡಿಕೊಳ್ಳಬೇಕು? ತಿರುಗಿದವರು ದಯವಿಟ್ಟು ಹೇಳಿ.

ಕಲಬುರಗಿಯಿಂದ ಉತ್ತರ:

ಚೆನ್ನಾಗಿಯೇ ನಡೆಯುತ್ತದೆ ಸರ್. ಆದರೆ ಗಾಡಿಯೊಳಗೆ ಮನೆ ಕಟ್ಟಲು ಹೋಗಬೇಡಿ. ಹಿಮಾಚಲದ ಗಾಡಿಗಳ ಸಿಂಕು, ಕಪಾಟು, ಮಡಚುವ ಮೇಜು ಎಲ್ಲ ಚಳಿಯ ಊರಿನ ಲೆಕ್ಕ. ಅಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೇ ಕೂರಬೇಕು. ನಮ್ಮಲ್ಲಿ ಒಳಗೆ ಹೋಗುವುದು ಮಲಗುವುದಕ್ಕೆ ಮಾತ್ರ. ಅಡುಗೆ, ಊಟ, ಹರಟೆ ಎಲ್ಲ ಹೊರಗೆ, ನೆರಳಿನಲ್ಲಿ. ಆದ್ದರಿಂದ ಮೊದಲ ಖರ್ಚು ನೆರಳಿಗೆ, ಎರಡನೆಯದು ಗಾಳಿಗೆ, ಮೂರನೆಯದು ಟೈರಿಗೆ. ಹಣ ಉಳಿದರೆ ಬಡಿಗನನ್ನು ಕರೆಯಿರಿ.

ನೆರಳಿಗೆ ನರ್ಸರಿಯವರು ಕಟ್ಟುವ ಹಸಿರು ಬಲೆ ಸಾಕು. ಅದನ್ನು ಗಾಡಿಯ ತಗಡಿಗೆ ತಾಗಿಸಿ ಹೊದಿಸಿದರೆ ಪ್ರಯೋಜನವಿಲ್ಲ. ಮಧ್ಯೆ ಒಂದು ಗೇಣು ಜಾಗ ಬಿಟ್ಟು ಕಟ್ಟಿದರೆ ಆ ಸಂದಿನಲ್ಲಿ ಗಾಳಿ ಆಡಿ ತಗಡು ಕಾಯುವುದು ಕಡಿಮೆಯಾಗುತ್ತದೆ. ಮಳೆಗೆ ಒಂದು ತಾಡಪತ್ರಿ ಇರಲಿ.

ಈಕೋದಲ್ಲಿ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ, ಇದು ನೆನಪಿರಲಿ. ಎರಡು ತಾಸು ಓಡಿಸಿ ನಿಲ್ಲಿಸಿದ ಮೇಲೆ ಆ ಕಾವು ನಿಧಾನವಾಗಿ ಮೇಲೇರಿ ಒಳಗೆಲ್ಲ ತುಂಬಿಕೊಳ್ಳುತ್ತದೆ. ಹೊತ್ತು ಮುಳುಗುವ ಮೊದಲೇ ನಿಲ್ಲಿಸಿ, ಬಾಗಿಲುಗಳನ್ನೆಲ್ಲ ತೆರೆದು ಬಿಡಿ. ಊಟ ಮುಗಿಯುವ ಹೊತ್ತಿಗೆ ಗಾಡಿ ತಣ್ಣಗಾಗಿರುತ್ತದೆ. ಆಮೇಲೆ ಹಾಸಿಗೆ ಬಿಡಿಸಿ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವ ಯೋಚನೆ ಕನಸಿನಲ್ಲಿಯೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ವಿದ್ಯುತ್ತಿನ ಲೆಕ್ಕ ಜನ ಹೆದರಿಸುವಷ್ಟು ದೊಡ್ಡದಲ್ಲ. 12 ವೋಲ್ಟಿನ ಸಣ್ಣ ಫ್ಯಾನ್ ಒಂದೂವರೆ ಆಂಪಿಯರ್ ಎಳೆಯುತ್ತದೆ ಎನ್ನಿ. ಎಂಟು ತಾಸಿಗೆ 12 ಆಂಪಿಯರ್-ಅವರ್ ಆಯಿತು. ದೀಪ, ಮೊಬೈಲ್ ಸೇರಿಸಿದರೂ 20 ದಾಟುವುದಿಲ್ಲ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 40ರದು ಸಾಕು. ಆದರೆ ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಇದಕ್ಕೆ ಮುಟ್ಟಬೇಡಿ, ಬೇರೆಯದನ್ನೇ ಇಡಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ತಂತಿಯ ಇನ್ನೊಂದು ತುದಿಗೆ ಹಾಕಿದರೆ ನಡುವೆ ಎಲ್ಲಿ ಶಾರ್ಟ್ ಆದರೂ ಅದು ಕಾಪಾಡುವುದಿಲ್ಲ.

ಶಹಾಬಾದ್ ಪರ್ಸಿಯ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ನಾಲ್ಕಾರು ಒಡಕು ತುಂಡುಗಳನ್ನು ಹಿಂದೆ ಹಾಕಿಕೊಳ್ಳಿ. ಸೇಡಂನವರಿಗೆ ಪರ್ಸಿಯ ಬಗ್ಗೆ ನಾನು ಹೇಳಬೇಕೇ! ನೆಲ ಓರೆಯಾಗಿದ್ದರೆ ಚಕ್ರದ ಕೆಳಗೆ ಒಂದರ ಮೇಲೊಂದು ಇಟ್ಟು ಗಾಡಿ ಹತ್ತಿಸಿದರೆ ಮಲಗಲು ಸಮವಾಗುತ್ತದೆ. ಒಲೆಗೆ ಪೀಠವೂ ಅದೇ, ಗಾಳಿಗೆ ಮರೆಯೂ ಅದೇ. ಜಾಕಿನ ಕೆಳಗೆ ಮಾತ್ರ ದಪ್ಪ ಹಲಗೆ ಬೇಕು, ಪರ್ಸಿ ಬಿರಿದರೆ ಗಾಡಿ ಕೂತುಬಿಡುತ್ತದೆ.

ಎರೆ ಮಣ್ಣಿನ ಮಾತು ಸರಿಯಾಗಿಯೇ ಕೇಳಿದ್ದೀರಿ. ಒಂದು ಹದ ಮಳೆ ಬಿದ್ದರೆ ಹೊಲದ ದಾರಿಗೆ ಇಳಿಯಲೇಬಾರದು. ಮಣ್ಣು ಟೈರಿಗೆ ಸುತ್ತಿಕೊಂಡು, ಮಡ್‌ಗಾರ್ಡ್ ತುಂಬಿ, ಚಕ್ರ ತಿರುಗುವುದಕ್ಕೇ ಜಾಗವಿಲ್ಲದಂತಾಗುತ್ತದೆ. ಈಕೋ ಹಿಂದಿನ ಚಕ್ರದಿಂದ ನಡೆಯುವ ಗಾಡಿ, ಹಿಂಭಾಗ ಹಗುರ. ಅಂಥಲ್ಲಿ ನಿಂತ ಕಡೆಯೇ ಗರಗರ ತಿರುಗುತ್ತದೆ. ಆಮೇಲೆ ಟ್ರ್ಯಾಕ್ಟರಿನವರ ಕಾಲು ಹಿಡಿಯಬೇಕು. ಗರಸು ಹಾಕಿದ ಗಟ್ಟಿ ನೆಲ ಕಂಡರಷ್ಟೇ ನಿಲ್ಲಿಸಿ. ಬೇಸಿಗೆಯಲ್ಲಿ ಒಣ ಹುಲ್ಲು, ಜೋಳದ ಕೂಳೆ ಇರುವಲ್ಲಿ ನಿಲ್ಲಿಸಬೇಡಿ, ಕಾದ ಸೈಲೆನ್ಸರ್ ಬೆಂಕಿ ಹಚ್ಚಲು ಅಷ್ಟೇ ಸಾಕು.

ಇನ್ನು ಎಲ್ಲಿಗೆ ಹೋಗಬೇಕು? ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ನಿಮ್ಮ ಮನೆಯಂಗಳದಲ್ಲೇ ಇದೆ, ಅಲ್ಲಿ ರಾತ್ರಿ ಉಳಿಯುವ ಅಗತ್ಯವಿಲ್ಲ. ಮೊದಲಿಗೆ ಸನ್ನತಿಗೆ ಹೋಗಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಅಶೋಕನ ಶಾಸನದ ಕಲ್ಲು ಹೊರಬಿತ್ತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಉಬ್ಬುಶಿಲ್ಪವಿದೆ, ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂದು ಅವನ ಹೆಸರನ್ನೇ ಕೊರೆದಿದ್ದಾರೆ. ನಾಲ್ಕನೆಯ ತರಗತಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ಯಾವ ಶಾಲೆಯಲ್ಲಿ ಸಿಗುತ್ತದೆ? ಸ್ಮಾರಕದ ಒಳಗೆ ರಾತ್ರಿ ಉಳಿಯುವಂತಿಲ್ಲ. ಊರಿನಲ್ಲಿ ಹಿರಿಯರೊಬ್ಬರನ್ನು ಕೇಳಿ ಗುಡಿಯ ಹೊರಗಿನ ಬಯಲಿನಲ್ಲಿ ನಿಲ್ಲಿಸಿ. ಕೇಳದೆ ನಿಂತ ಗಾಡಿಯನ್ನು ಯಾವ ಊರಿನವರೂ ಅನುಮಾನದಿಂದಲೇ ನೋಡುತ್ತಾರೆ. ಕೇಳಿದರೆ ಚಹಾ ಕುಡಿಸುತ್ತಾರೆ.

ಭೀಮಾ ತೀರದಲ್ಲಿ, ಅದು ಸನ್ನತಿಯಾಗಲಿ ಗಾಣಗಾಪುರದ ಸಂಗಮವಾಗಲಿ, ಮಳೆಗಾಲದಲ್ಲಿ ನದಿಯ ಪಾತ್ರಕ್ಕೆ ಗಾಡಿ ಇಳಿಸಬೇಡಿ. ಇಲ್ಲಿ ಒಂದು ಹನಿ ಬೀಳದಿದ್ದರೂ ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ತುಂಬುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಚಳಿಗಾಲದಲ್ಲಿ ಚಿಂಚೋಳಿಯ ಕಡೆಗೆ, ಚಂದ್ರಂಪಳ್ಳಿ ಕೆರೆಗೆ ಹೋಗಿ. ಕಲಬುರಗಿ ಜಿಲ್ಲೆಯಲ್ಲಿ ಇಷ್ಟು ಕಾಡು ಇದೆಯೇ ಎಂದು ಬೆರಗಾಗುತ್ತೀರಿ. ಅದು ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ನಿಲ್ಲುವಂತಿಲ್ಲ.

ಬೀದರಿನಿಂದ ಉತ್ತರ:

ಮೇಲಿನ ಅಣ್ಣನವರು ಎಲ್ಲವನ್ನೂ ಹೇಳಿ ಶೌಚಾಲಯವನ್ನೇ ಮರೆತಿದ್ದಾರೆ. ಗಂಡಸರ ಪಟ್ಟಿಯೇ ಹೀಗೆ! ಹೆಣ್ಣುಮಕ್ಕಳು ಜೊತೆಗಿದ್ದರೆ ರಾತ್ರಿಯ ಜಾಗವನ್ನು ನೋಟ ನೋಡಿ ಆರಿಸಬೇಡಿ, ಶೌಚಾಲಯ ನೋಡಿ ಆರಿಸಿ. ಯಾತ್ರಾಸ್ಥಳಗಳ ಯಾತ್ರಿ ನಿವಾಸಗಳ ಅಂಗಳ, ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕ್, ಇವು ನಮಗೆ ಒಗ್ಗಿವೆ. ಬಂಕಿನಲ್ಲಿ ಲಾರಿಗಳ ಸಾಲಿನಿಂದ ದೂರ, ದೀಪದ ಬೆಳಕು ಬೀಳುವ ಕಡೆ ನಿಲ್ಲಿಸಿ. ಮಗಳಿಗೆ ಅಪರಾತ್ರಿಯಲ್ಲಿ ಬೇಕಾಗುತ್ತದೆ. ಮುಚ್ಚಳವಿರುವ ಸಣ್ಣ ಬಕೆಟ್ ಒಂದನ್ನು ಅದಕ್ಕೆಂದೇ ಇಡಿ.

ಗ್ಯಾಸಿನ ವಿಷಯ. ಐದು ಕೆ.ಜಿ. ಸಿಲಿಂಡರಿನ ಒಲೆಯನ್ನು ಹೊರಗೇ ಹಚ್ಚಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ಗಾಡಿಯ ನೆಲದಲ್ಲೇ, ಅಂದರೆ ನಿಮ್ಮ ಹಾಸಿಗೆಯ ಕೆಳಗೇ, ಕೂರುತ್ತದೆ. ಮಲಗುವಾಗ ರೆಗ್ಯುಲೇಟರ್ ಬಿಚ್ಚಿ ಸಿಲಿಂಡರನ್ನು ಹೊರಗಿಡಿ. ನಾನಂತೂ ಚಹಾ, ಅನ್ನಕ್ಕಿಂತ ಹೆಚ್ಚಿನ ಅಡುಗೆಯನ್ನು ತಿರುಗಾಟದಲ್ಲಿ ಮಾಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಫ್ರಿಜ್ ಏಕೆ ಬೇಕು? ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಡಿ, ಹಾಗೇ ಚೀಲಕ್ಕೆ ಹಾಕಿದರೆ ಮೊದಲ ಗುಂಡಿಯಲ್ಲೇ ಪುಡಿ ಪುಡಿ. ನೀರಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ತೂಗುಹಾಕಿ. ನಮ್ಮ ಒಣ ಹವೆಯಲ್ಲಿ ಆರುತ್ತ ಆರುತ್ತ ನೀರು ತಂಪಾಗುತ್ತದೆ.

ಬೀದರಿಗೆ ಬಂದರೆ ಎರಡು ದಿನವನ್ನೂ ಇಲ್ಲೇ ಕಳೆಯಿರಿ. ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು. ಬಸವಕಲ್ಯಾಣವನ್ನೂ ಅದೇ ತಿರುಗಾಟಕ್ಕೆ ತುರುಕಬೇಡಿ, ಅದಕ್ಕೊಂದು ಬೇರೆ ವಾರ ಇಡಿ. ಝರಣಿ ನರಸಿಂಹನ ಗುಹೆಯಲ್ಲಿ ನೀರಿನೊಳಗೆ ನಡೆದೇ ದರ್ಶನಕ್ಕೆ ಹೋಗಬೇಕು, ಮೈಯೆಲ್ಲ ಒದ್ದೆ. ಆ ಬಟ್ಟೆಗಳನ್ನು ರಾತ್ರಿ ಗಾಡಿಯೊಳಗೆ ಒಣಹಾಕಬೇಡಿ. ಬೀದರಿನ ಡಿಸೆಂಬರ್ ಚಳಿಗೆ ಗಾಜು ಮುಚ್ಚಿಕೊಂಡು ಮಲಗಿದರೆ ಬರೀ ಮೂವರ ಉಸಿರಿಗೇ ಗಾಜಿನ ಒಳಮೈಯೆಲ್ಲ ಬೆವರಿ, ಹಾಸಿಗೆಯ ಅಂಚು ತೊಯ್ದಿರುತ್ತದೆ. ಎದುರುಬದುರಿನ ಎರಡು ಗಾಜುಗಳನ್ನು ಎರಡು ಬೆರಳಷ್ಟು ತೆರೆದಿಟ್ಟು ಸೊಳ್ಳೆ ಬಲೆ ಹಾಕಿ, ಚಳಿಗೆ ಇನ್ನೊಂದು ಕೌದಿ ಹೊದೆಯಿರಿ. ಕೆಂಡದ ಶೇಗಡಿಯನ್ನು ಒಳಗೆ ತರಲೇಬಾರದು. ಅಣ್ಣನವರು ಹೇಳಿದ ವಿಷದ ಗಾಳಿ ಅದರಿಂದಲೂ ಬರುತ್ತದೆ.

ಯಾದಗಿರಿಯಿಂದ ಉತ್ತರ:

ನಾನು ಗ್ಯಾರೇಜಿನವನು, ತಿರುಗಾಟದ ಮಾತು ನನಗೆ ಬಾರದು. ಸೋಮವಾರದ ಕೆಲಸ ಹೇಳುತ್ತೇನೆ.

ಬಂದ ಮರುದಿನವೇ ಗಾಡಿಯ ಹೊಟ್ಟೆಗೆ ನೀರು ಹೊಡೆಯಿರಿ. ಒಣಗಿದ ಎರೆ ಮಣ್ಣು ತೇವ ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ. ಜಾರುವ ಬಾಗಿಲಿನ ಕೆಳಗಿನ ಹಳಿಯನ್ನು ಬಗ್ಗಿ ನೋಡಿ: ಮಣ್ಣು, ತೊಗರಿ ಹೊಟ್ಟು, ಬಿಸ್ಕತ್ತಿನ ಪುಡಿ ಸೇರಿ ಮೂಲೆಯಲ್ಲಿ ಗಟ್ಟಿಯಾಗಿರುತ್ತದೆ. ಬಾಗಿಲು ಎಳೆದಾಗ ಆ ಗಂಟಿನ ಮೇಲೆ ಉರುಳೆ ಹತ್ತಿ ಇಳಿದು ಸವೆಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಡೀಸೆಲಿನಲ್ಲಿ ಅದ್ದಿ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ. ಜನ ಗ್ರೀಸ್ ಮೆತ್ತುತ್ತಾರೆ. ಅದು ಮುಂದಿನ ಧೂಳಿಗೆ ಕೊಟ್ಟ ಆಮಂತ್ರಣ.

ನೀವು ಸೇಡಂನವರು. ಸಿಮೆಂಟ್ ಲಾರಿಗಳ ಹಿಂದೆ ಓಡುವ ಗಾಡಿಗೆ ಏರ್ ಫಿಲ್ಟರ್ ಪುಸ್ತಕದಲ್ಲಿ ಬರೆದಷ್ಟು ದಿನ ಬಾರದು. ಆಗಾಗ ತೆಗೆದು ನೋಡಿ.

ವಾರಕ್ಕೊಮ್ಮೆ ಓಡುವ ಗಾಡಿಯ ಟೈರು ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಎಂದರೆ 2019ರ 23ನೆಯ ವಾರ ತಯಾರಾದದ್ದು. ಹಲ್ಲು ಚೆನ್ನಾಗಿದೆ ಎಂದು ಮೋಸ ಹೋಗಬೇಡಿ. ಪಕ್ಕದಲ್ಲಿ ಕೂದಲೆಳೆ ಬಿರುಕು ಕಂಡರೆ ಮೇ ತಿಂಗಳ ಡಾಂಬರಿಗೆ ಆ ಟೈರು ತಡೆಯುವುದಿಲ್ಲ. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿದ್ದಾಗ ನೋಡಿಸಿ. ಸ್ಟೆಪ್ನಿಯನ್ನು ಎಲ್ಲರೂ ಮರೆಯುತ್ತಾರೆ.

ಆಯಿಲನ್ನು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ವರ್ಷದ ಲೆಕ್ಕದಲ್ಲಿ ಬದಲಿಸಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಹೊಸದು. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ನೀರು ಗಡಸು, ಒಳಗೆ ಬಿಳಿ ಪದರ ಕಟ್ಟುತ್ತದೆ. ನಿಂತ ಗಾಡಿಯ ಬ್ಯಾಟರಿಯನ್ನು ಮೀಟರ್ ಇಟ್ಟು ನೋಡಿ: 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧ ಖಾಲಿ. ಇಲಿಗಳ ಬಗ್ಗೆ ಒಂದೇ ಮಾತು: ಗಾಡಿಯಲ್ಲಿ ತಿನ್ನುವ ಪದಾರ್ಥ ಏನನ್ನೂ ಬಿಡಬೇಡಿ. ರೊಟ್ಟಿಯ ಚೂರಿಗೆ ಬಂದ ಇಲಿ ಹೋಗುವಾಗ ವೈರಿಂಗ್ ಕಡಿದು ಹೋಗುತ್ತದೆ.

ಶಹಾಪುರದಿಂದ ಉತ್ತರ:

ನಮ್ಮ ಕಡೆಗೂ ಬನ್ನಿ. ಮಲಗಿದ ಬುದ್ಧನ ಬೆಟ್ಟವನ್ನು ಸಂಜೆಯ ಬೆಳಕಿನಲ್ಲಿ ಊರ ಹೊರಗಿನ ರಸ್ತೆಯಿಂದ ನೋಡಬೇಕು. ಹತ್ತಿರ ಹೋದರೆ ಬರೀ ಬಂಡೆಗಳು. ಮರುದಿನ ನಸುಕಿನಲ್ಲೇ ಎದ್ದು ಸುರಪುರದ ಹತ್ತಿರದ ಬೋನಾಳ ಕೆರೆಯ ಹಕ್ಕಿಗಳನ್ನು ನೋಡಿ, ಬಿಸಿಲೇರುವ ಹೊತ್ತಿಗೆ ಸುರಪುರದ ಟೇಲರ್ ಮಂಜಿಲ್, ಅಂದರೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. ತೊಗರಿ ರಾಶಿಯ ದಿನಗಳಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಹತ್ತಿರ ಬರುವವರೆಗೆ ಕಾಣುವುದೇ ಇಲ್ಲ.

ಸೇಡಂನಿಂದ ಮತ್ತೆ:

ಎಲ್ಲರಿಗೂ ಧನ್ಯವಾದ. ಬಕೆಟ್ಟಿನ ಮಾತು ಓದಿ ನಮ್ಮ ಮನೆಯವರು, ‘ನೋಡಿ, ಆ ಅಕ್ಕಾವರೊಬ್ಬರಿಗೇ ತಿಳಿವಳಿಕೆ ಇದೆ’ ಎಂದರು. ಇನ್ನೆರಡು ಸಂದೇಹಗಳಿವೆ. ಹಿಂದಿನ ಸೀಟು ಪೂರ್ತಿ ಕಿತ್ತು ಹಾಸಿಗೆ ಕೂರಿಸಿದರೆ ಆರ್‌ಟಿಒ ತಕರಾರು ಬರುತ್ತದೆಯೇ? ಗಾಡಿ ನಿಂತಲ್ಲಿಂದ ಹೊರಡುವಾಗ ಕೆಳಗೆ ‘ಟಕ್’ ಎನ್ನುತ್ತದೆ, ಅದು ಏನು?

ಕಲಬುರಗಿಯಿಂದ ಉತ್ತರ:

ಕೀಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ಕಂಪನಿಯ ಮೂಲ ವಿನ್ಯಾಸಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಆರ್‌ಸಿಯಲ್ಲಿ ಐದು ಸೀಟು ಎಂದಿದ್ದರೆ ಗಾಡಿಯಲ್ಲಿ ಐದು ಇರಬೇಕು. ನಾಳೆ ಅಪಘಾತವಾದರೆ ವಿಮೆಯವರಿಗೆ ತಗಾದೆ ತೆಗೆಯಲು ಅದೇ ನೆಪವಾಗುತ್ತದೆ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗ ಕಾನೂನಿನಲ್ಲಿ ಇದೆ, ಆದರೆ ಅದಕ್ಕಾಗಿ ಕಚೇರಿಗಳಿಗೆ ಓಡಾಡುವುದು ಈ ಗಾಡಿಗೆ ತಕ್ಕದ್ದಲ್ಲ. ಸೀಟಿನ ಬೆನ್ನು ಮಡಚಿ, ಅದರ ಮೇಲೆ ಮೂರು ತುಂಡಿನ ಪ್ಲೈವುಡ್ ಹಲಗೆಯನ್ನು ಕಾಲುಗಳ ಸಮೇತ ಇಡಿ. ಒಂದೂ ಬೋಲ್ಟ್ ಗಾಡಿಯ ಮೈಗೆ ಕೊರೆಯಬಾರದು. ಸೋಮವಾರ ಹಲಗೆ ಮನೆಯ ಗೋಡೆಗೆ ಒರಗಿರಲಿ. ಆಗ ಅದು ಬರೀ ಸಾಮಾನು, ಮಾರ್ಪಾಡಲ್ಲ.

ಯಾದಗಿರಿಯಿಂದ ಉತ್ತರ:

‘ಟಕ್’ ಎಂದರೆ ಹೆಚ್ಚಾಗಿ ಪ್ರೊಪೆಲ್ಲರ್ ಶಾಫ್ಟಿನ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದ ದಂಡ) ಕ್ರಾಸ್, ಅಂದರೆ ಅದರ ಕೀಲು, ಸವೆದಿರುತ್ತದೆ. ಹಿಂದಿನ ಚಕ್ರದಿಂದ ನಡೆಯುವ ಗಾಡಿಗಳಿಗೆ ಇದು ಮಾಮೂಲು. ಸಮ ನೆಲದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಬಂದ್ ಮಾಡಿ, ಗೇರಿನಿಂದ ತೆಗೆದು, ಕೆಳಗೆ ಕೈ ಹಾಕಿ ಶಾಫ್ಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ. ಕ್ರಾಸಿನ ಹತ್ತಿರ ಸಡಿಲು ಕೈಗೆ ಸಿಕ್ಕರೆ, ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಅದೇ. ಹಾಗೇ ಬಿಟ್ಟರೆ ಒಂದು ದಿನ ಶಾಫ್ಟ್ ಕಳಚಿ ರಸ್ತೆಗೆ ಬಡಿಯುತ್ತದೆ. ಕ್ರಾಸ್ ಬದಲಿಸುವುದು ದೊಡ್ಡ ಖರ್ಚಲ್ಲ. ಸನ್ನತಿಗೆ ಹೊರಡುವ ಮೊದಲೇ ಮಾಡಿಸಿ.