ಸಹಾಯ ಬೇಕು: ಗಾಡಿಯೂ ಎತ್ತನ್ನು ಅಷ್ಟೇ ಎಳೆದರೆ ಮುಂದೆ ಹೋಗೋದು ಹೇಗೆ?

ಇಲ್ಲಿ ವಿಜ್ಞಾನದ ಮೇಷ್ಟ್ರು ಯಾರಾದರೂ ಇದ್ದೀರಾ? ನಾನು ಹಾಸನದಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಮಾಡುತ್ತೇನೆ. ನ್ಯೂಟನ್ನನ ಮೂರನೇ ನಿಯಮ ನಡೀತಿತ್ತು. ಹಳ್ಳಿಯಿಂದ ಬರುವ ಒಬ್ಬ ಹುಡುಗಿ, 'ಎತ್ತು ಗಾಡಿಯನ್ನು ಎಷ್ಟು ಎಳೆಯುತ್ತೋ ಗಾಡಿಯೂ ಎತ್ತನ್ನು ಅಷ್ಟೇ ಎಳೆಯುತ್ತೆ ಅಂದ್ರಲ್ಲ ಮಿಸ್, ಮತ್ತೆ ಗಾಡಿ ಹೊರಡೋದು ಹೇಗೆ?' ಅಂದಳು. ಒಳ್ಳೆ ಪ್ರಶ್ನೆ ಅಲ್ವಾ!

ಉತ್ತರವೇನೋ ಗೊತ್ತು. ಆ ಎರಡು ಬಲ ಬೀಳುವುದು ಬೇರೆ ಬೇರೆ ವಸ್ತುವಿನ ಮೇಲೆ, ಹಾಗಾಗಿ ಒಂದಕ್ಕೊಂದು ವಜಾ ಆಗುವುದಿಲ್ಲ. ಎತ್ತು ಗೊರಸು ಊರಿ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ, ಆ ತಳ್ಳುವ ಬಲ ಗಾಡಿ ಹಿಂದಕ್ಕೆ ಎಳೆಯುವುದಕ್ಕಿಂತ ಜಾಸ್ತಿ ಆದಾಗ ಎತ್ತು ಹೊರಡುತ್ತದೆ. ಕೆಸರಲ್ಲಿ ಗೊರಸು ಜಾರಿದರೆ ಎಂಥ ಜೋಡಿ ಕಟ್ಟಿದರೂ ಗಾಡಿ ಅಲ್ಲಾಡಲ್ಲ.

ಆದರೆ ಬಾಯಲ್ಲಿ ಹೇಳಿದ್ದು ಮಕ್ಕಳ ತಲೆಗೆ ಹೋಗುತ್ತಿಲ್ಲ. ಬಲೂನು ಹಾರಿಸಿದೆ, ಸುಮ್ನೆ ನಕ್ಕರು ಅಷ್ಟೆ. ನೆಲ ಹಿಂದಕ್ಕೆ ಸರಿಯುವುದು ಕಣ್ಣಿಗೆ ಕಾಣಬೇಕು. ಒಂದು ಹಲಗೆಯ ಕೆಳಗೆ ಗೋಲಿಗಳನ್ನಿಟ್ಟು, ಮೇಲೆ ಕೀ ಕೊಡುವ ಆಟದ ಕಾರು ಬಿಟ್ಟರೆ ಕಾರು ಮುಂದೆ, ಹಲಗೆ ಹಿಂದೆ ಹೋಗಬೇಕು. ಮಾಡಿ ನೋಡಿದವರು ಇದ್ದೀರಾ? ರಟ್ಟು ಸಾಕಾ, ತೆಳು ಪ್ಲೈವುಡ್ಡೇ ಬೇಕಾ? ಹಾಸನದಲ್ಲಿ ಯಾರ ಹತ್ತಿರವಾದರೂ ಎರಡು ಸ್ಪ್ರಿಂಗ್ ತಕ್ಕಡಿ ಇದ್ದರೆ ಒಂದು ದಿನಕ್ಕೆ ಕೊಡಿ, ಕೊಕ್ಕೆಗೆ ಕೊಕ್ಕೆ ಹಾಕಿ ಎಳೆಸುತ್ತೇನೆ.