ಸಮಾಜಶಾಸ್ತ್ರ ಎಂ.ಎ.: ಇಲ್ಲೇ ಸೇರುವುದೋ, ಹೊರಗೆ ಹೋಗುವುದೋ?

ಹೊಳೆದಂಡೆ: ತಂಗಿ ಬಿ.ಎ. ಕೊನೆಯ ವರ್ಷ, ಕನ್ನಡ ಮಾಧ್ಯಮ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ಡಿಗ್ರಿ ಕಾಲೇಜಿನಲ್ಲಿ ಪಾಠ ಹೇಳುವಾಸೆ. ಮೈಸೂರು, ಧಾರವಾಡ ಸಾಕೋ? ದೆಹಲಿ, ಹೈದರಾಬಾದಿಗೆ ಪ್ರಯತ್ನಿಸಬೇಕೋ? ಬಲ್ಲವರು ತಿಳಿಸಿ.

ಕಲ್ಲುಬೆಂಚು: ಮೊದಲು ತಾರೀಖು ನೋಡಿಕೊಳ್ಳಿ. ದೆಹಲಿ ವಿ.ವಿ., ಜೆಎನ್‌ಯು, ಹೈದರಾಬಾದ್ ಕೇಂದ್ರೀಯ ವಿ.ವಿ. ಮೂರಕ್ಕೂ ಸಿಯುಇಟಿ-ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಈಚಿನ ವರ್ಷಗಳಲ್ಲಿ ಪರೀಕ್ಷೆ ಮಾರ್ಚ್‌ನಲ್ಲಿ ನಡೆದಿದೆ, ಅರ್ಜಿ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ. ನಮ್ಮ ರಾಜ್ಯದ ವಿ.ವಿ.ಗಳು ಪದವಿ ಫಲಿತಾಂಶದ ಆಸುಪಾಸಿನಲ್ಲಿ ಅರ್ಜಿ ಕರೆಯುತ್ತವೆ. ‘ರಿಸಲ್ಟ್ ಬರಲಿ, ನೋಡೋಣ’ ಅಂತ ಕೂತರೆ ದೆಹಲಿ ಆ ವರ್ಷಕ್ಕೆ ಮುಗಿದಂತೆ. ಸಿಯುಇಟಿ-ಪಿಜಿಯಲ್ಲಿ 75 ಪ್ರಶ್ನೆ, ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಅಂಕ ಬಂದ ಮೇಲೆ ಆಯಾ ವಿ.ವಿ. ಪೋರ್ಟಲ್‌ನಲ್ಲಿ ಮತ್ತೆ ನೋಂದಾಯಿಸಬೇಕು. ಒಳ್ಳೆ ಅಂಕ ತೆಗೆದೂ ಸೀಟು ತಪ್ಪುವುದು ಇಲ್ಲೇ.

ಇನ್ನೊಂದು ಎಡವಟ್ಟು: ರಾಜ್ಯದ 3ಎ, 3ಬಿ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಕೇಂದ್ರದಲ್ಲಿ ಒಬಿಸಿ ಆಗುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ಜಾತಿ ಇದೆಯೇ ನೋಡಿ, ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಿ.

ಎರೆಮಣ್ಣು: ಪಾಠ ಹೇಳುವುದೇ ಗುರಿಯಾದರೆ ಅರ್ಹತಾ ಪರೀಕ್ಷೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್‌ನ ಸಮಾಜಶಾಸ್ತ್ರ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಷ್ಟೇ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್‌ನಲ್ಲಿ ಕನ್ನಡವೂ ಉಂಟು, ಆದರೆ ಅದು ಕರ್ನಾಟಕದೊಳಗಿನ ಹುದ್ದೆಗೆ ಮಾತ್ರ. ನೆಟ್‌ಗೆ ಎಂ.ಎ.ಯಲ್ಲಿ ಶೇ. 55 ಬೇಕು, ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿಗೆ ಶೇ. 50. 54.9 ಬಂದರೆ 55 ಅಂತ ಎಣಿಸುವುದಿಲ್ಲ. ಹಾಗಾಗಿ ಅಂಕ ಬಿಗಿಹಿಡಿಯುವ ವಿಭಾಗಕ್ಕೆ ಬರೀ ಹೆಸರು ನೋಡಿ ಹೋಗಬೇಡಿ.

ಅಟ್ಟಣಿಗೆ: ಹೆಸರಿನ ಮಾತು ಬಂತಲ್ಲ. ದೆಹಲಿ ವಿ.ವಿ.ಯ ಸಮಾಜಶಾಸ್ತ್ರ ವಿಭಾಗವನ್ನು 1959ರಲ್ಲಿ ಕಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನವರೇ! ಆದರೆ ಇವತ್ತು ಅಲ್ಲಿ ಯಾರು ಪಾಠ ಮಾಡುತ್ತಾರೆ ಅನ್ನುವುದಷ್ಟೇ ಮುಖ್ಯ. ವಿಭಾಗದ ಕಚೇರಿಗೆ ಫೋನ್ ಮಾಡಿ ಕೇಳಿ: ಕಾಯಂ ಅಧ್ಯಾಪಕರೆಷ್ಟು, ಅತಿಥಿಗಳೆಷ್ಟು? ಸಿಲಬಸ್‌ನಲ್ಲಿ ಹತ್ತು ಐಚ್ಛಿಕ ಪತ್ರಿಕೆ ಅಚ್ಚಾಗಿದ್ದರೂ ನಡೆಯುವುದು ಎರಡೇ ಇರಬಹುದು, ಕಳೆದ ವರ್ಷ ಯಾವುದು ನಡೆಯಿತು ಅಂತ ಎರಡನೇ ವರ್ಷದವರನ್ನೇ ವಿಚಾರಿಸಿ. ಕೊನೆಯ ಸೆಮಿಸ್ಟರ್‌ನಲ್ಲಿ ಕ್ಷೇತ್ರಕಾರ್ಯ ಮಾಡಿ ಪ್ರಬಂಧ ಬರೆಯುವುದು ಕಡ್ಡಾಯವೇ? ಅದಿಲ್ಲದ ಕಡೆ ಕಲಿತವರು ಪಿಎಚ್.ಡಿ. ಸಂದರ್ಶನದಲ್ಲಿ ವಿಷಯ ಹೇಳಲು ತಡವರಿಸುತ್ತಾರೆ. ಅಂದಹಾಗೆ ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಹೆಸರೂ ಕೇಳಿಬರುತ್ತೆ. ಅದಿರುವುದು ಸಂಶೋಧನೆಗೆ, ಎಂ.ಎ.ಗೆ ಅಲ್ಲ.

ಹೊಳೆದಂಡೆ: ಉಪಕಾರವಾಯ್ತು. ಅವಳಿಗೆ ಇಂಗ್ಲಿಷ್ ಓದಿದರೆ ಅರ್ಥವಾಗುತ್ತೆ, ಬರೆಯೋದೇ ಕಷ್ಟ.

ಎರೆಮಣ್ಣು: ಹಾಗಿದ್ದರೆ ಕನ್ನಡದಲ್ಲಿ ಉತ್ತರ ಬರೆಯಲು ಬಿಡುವ ರಾಜ್ಯದ ವಿ.ವಿ.ಯನ್ನೇ ಮೊದಲಿಡಿ. ಜೊತೆಗೆ ವಾರಕ್ಕೊಂದು ಇಂಗ್ಲಿಷ್ ಲೇಖನ ಓದಿ ಒಂದು ಪುಟ ಸಾರಾಂಶ ಬರೆಯಲಿ. ಎಂ.ಎ. ಕೊನೆಯ ವರ್ಷದಲ್ಲಿರುವಾಗಲೇ ನೆಟ್ ಕಟ್ಟಬಹುದು, ಅದರಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ.